ಪೇಷೆಂಟ್ ಕಡೆಯವರು ಯಾರು?

ಕೊನೆಗಾಲದ ಆರೈಕೆಗೆ ಔಷಧಿಗಿಂತ ಮೊದಲು ಬೇಕಾಗುವುದು ಒಂದು ಮನೆ, ಮನೆಯೊಳಗೆ ಒಬ್ಬರು. ಎರಡೂ ಇಲ್ಲದ ಮುದುಕರ ನೋವಿಗೆ ಯಾರು ಜವಾಬ್ದಾರರು?

ದಿನಪತ್ರಿಕೆಯ ಒಳಪುಟದ ಮೂಲೆಯಲ್ಲಿ, ಟೆಂಡರ್ ಪ್ರಕಟಣೆಗೂ ಹೆಸರು ಬದಲಾವಣೆಯ ಜಾಹೀರಾತಿಗೂ ನಡುವೆ, ಆಗಾಗ ಒಂದು ಚಿಕ್ಕ ಸುದ್ದಿ ಬರುತ್ತದೆ. ಅದರ ಧಾಟಿ ನಮಗೆಲ್ಲ ಬಾಯಿಪಾಠ. ಬಸ್ ನಿಲ್ದಾಣದ ಬಳಿ ಅಪರಿಚಿತ ಗಂಡಸಿನ ಶವ ಪತ್ತೆ. ಸುಮಾರು 65 ವರ್ಷ, ಎತ್ತರ 5.4 ಅಡಿ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಿಳಿ ಗಡ್ಡ. ನೀಲಿ ಗೆರೆಯ ಅಂಗಿ ತೊಟ್ಟಿದ್ದು, ಬಲಗೈ ಮೇಲೆ ‘ಲಕ್ಷ್ಮಿ’ ಎಂಬ ಹಚ್ಚೆ ಇದೆ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸುವುದು.

ಇಂಥ ಪ್ರಕಟಣೆ ಓದುವಾಗ ಒಂದು ಸಂಗತಿ ಚುಚ್ಚುತ್ತದೆ. ಆ ಮನುಷ್ಯನನ್ನು ಇಷ್ಟು ಹತ್ತಿರದಿಂದ, ಮುಖದ ಆಕಾರದಿಂದ ಹಿಡಿದು ಅಂಗಿಯ ಗೆರೆಯವರೆಗೆ, ಯಾರಾದರೂ ಗಮನವಿಟ್ಟು ನೋಡಿದ್ದು ವರ್ಷಗಳಲ್ಲಿ ಇದೇ ಮೊದಲಿರಬೇಕು. ಅವನು ಅಲ್ಲೇ ಮಲಗಿ ಏಳುತ್ತಿದ್ದಾಗ ಟೀ ಅಂಗಡಿಯವನು ನೋಡಿದ್ದ, ಬೆಳಗ್ಗೆ ಕಸ ಗುಡಿಸುವ ಪೌರಕಾರ್ಮಿಕರು ನೋಡಿದ್ದರು, ಕೊನೆ ಬಸ್ಸಿನ ಕಂಡಕ್ಟರ್ ನೋಡಿದ್ದ. ಕಾಲು ಬಾತುಕೊಂಡದ್ದು, ಕೆಮ್ಮು ಹೆಚ್ಚಿದ್ದು, ತಿಂದದ್ದು ದಕ್ಕದೆ ಹೋದದ್ದು ಅವರ ಕಣ್ಣಿಗೆ ಬಿದ್ದೇ ಇರುತ್ತದೆ. ಆದರೆ ಅದನ್ನೆಲ್ಲ ಬರೆದಿಡುವ ಪುಸ್ತಕ ಯಾರ ಬಳಿಯೂ ಇರಲಿಲ್ಲ.

ಯಾರೋ ಪುಣ್ಯಾತ್ಮರು 108ಕ್ಕೆ ಫೋನ್ ಮಾಡಿದರು ಎಂದುಕೊಳ್ಳೋಣ. ಆಂಬುಲೆನ್ಸ್ ಬಂದು ಆಸ್ಪತ್ರೆಗೆ ಮುಟ್ಟಿಸುತ್ತದೆ. ಕ್ಯಾಶುವಾಲಿಟಿಯ ಬಾಗಿಲಲ್ಲಿ ಎದುರಾಗುವ ಮೊದಲ ಪ್ರಶ್ನೆ ಬಹಳ ಸಲ ಕಾಯಿಲೆಯನ್ನು ಕುರಿತದ್ದಲ್ಲ. ‘ಪೇಷೆಂಟ್ ಕಡೆಯವರು ಯಾರ್ರೀ?’

ಅದು ಕಲ್ಲೆದೆಯ ಪ್ರಶ್ನೆಯೇನಲ್ಲ. ನಮ್ಮ ದೊಡ್ಡಾಸ್ಪತ್ರೆಗಳು ನಡೆಯುವುದೇ ‘ಕಡೆಯವರ’ ದುಡಿಮೆಯ ಮೇಲೆ. ಸ್ಟ್ರೆಚರ್ ತಳ್ಳುವವರು, ರಕ್ತದ ಬಾಟಲಿ ಹಿಡಿದು ಲ್ಯಾಬಿಗೆ ಓಡುವವರು, ಹೊರಗಿನ ಮೆಡಿಕಲ್ಸಿನಿಂದ ಔಷಧಿ ತರುವವರು, ಗಂಜಿ ಕುಡಿಸುವವರು, ಬಟ್ಟೆ ಬದಲಿಸುವವರು, ಕಾಗದಕ್ಕೆ ಸಹಿ ಹಾಕುವವರು ಎಲ್ಲರೂ ಅವರೇ. ಕಡೆಯವರಿಲ್ಲದ ರೋಗಿಗೆ ಹಾಸಿಗೆ ಸಿಕ್ಕರೂ ಈ ಕೈಗಳು ಸಿಗುವುದಿಲ್ಲ. ಕನ್ನಡದಲ್ಲಿ ‘ಕಡೆ’ ಎಂದರೆ ಪಕ್ಕ, ‘ಕಡೆ’ ಎಂದರೆ ಕೊನೆ. ಕಡೆಗಾಲದಲ್ಲಿ ಕಡೆಯವರಿರಬೇಕು ಎಂಬುದನ್ನು ಭಾಷೆ ಒಂದೇ ಪದದಲ್ಲಿ ಗಂಟು ಹಾಕಿಟ್ಟಿದೆ. ಮನೆಯಿಲ್ಲದ ವೃದ್ಧರ ವಿಷಯದಲ್ಲಿ ಆ ಗಂಟು ಬಿಚ್ಚಿಹೋಗಿರುತ್ತದೆ.

ಒಂದು ಕಿಟಕಿಯ ಕಥೆ

ಆಧುನಿಕ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಶುರುವಾಗುವುದೇ ಇಂಥ ಕಡೆಯವರಿಲ್ಲದ ಒಬ್ಬ ರೋಗಿಯಿಂದ. 1948ರ ಲಂಡನ್. ಪೋಲೆಂಡಿನ ವಾರ್ಸಾದಿಂದ ಬಂದು ಹೋಟೆಲಿನಲ್ಲಿ ಮಾಣಿಯಾಗಿದ್ದ ಯೆಹೂದಿ ಡೇವಿಡ್ ಟಾಸ್ಮಾಗೆ ಕ್ಯಾನ್ಸರ್. ವಯಸ್ಸು ನಲವತ್ತರ ಆಸುಪಾಸು. ಊರಿಲ್ಲ, ಸಂಸಾರವಿಲ್ಲ. ಅವನ ಹಾಸಿಗೆಯ ಪಕ್ಕ ಬಂದು ಕೂರುತ್ತಿದ್ದವರು ಸಿಸಿಲಿ ಸಾಂಡರ್ಸ್. ನರ್ಸ್ ಆಗಿ ತರಬೇತಿ ಪಡೆದು ಆಗ ಆಸ್ಪತ್ರೆಯ ಸಮಾಜಕಾರ್ಯಕರ್ತೆಯಾಗಿದ್ದವರು. ಸಾಯುವವರಿಗೆ ಎಂಥ ಜಾಗ ಬೇಕು ಎಂಬ ಮಾತು ಅವರಿಬ್ಬರ ನಡುವೆ ಬೆಳೆಯಿತು. ಟಾಸ್ಮಾ ತನ್ನಲ್ಲಿದ್ದ 500 ಪೌಂಡುಗಳನ್ನು ಆಕೆಗೆ ಬಿಟ್ಟುಹೋದ. ಆಕೆ ಮುಂದೆ ಕಟ್ಟುವ ಮನೆಯಲ್ಲಿ ತಾನೊಂದು ಕಿಟಕಿಯಾಗಿರುತ್ತೇನೆ ಎಂಬುದು ಅವನ ಆಸೆ. ಸಾಂಡರ್ಸ್ ಆಮೇಲೆ ವೈದ್ಯಕೀಯ ಓದಿ ಡಾಕ್ಟರಾದರು. 1967ರಲ್ಲಿ ದಕ್ಷಿಣ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ಟಾಸ್ಮಾನ ಕಿಟಕಿ ಅಲ್ಲಿ ಈಗಲೂ ಇದೆ.

ಸಾಂಡರ್ಸ್ ಕೊಟ್ಟ ಮುಖ್ಯ ತಿಳಿವಳಿಕೆ ‘ಒಟ್ಟು ನೋವು’ ಎಂಬ ಕಲ್ಪನೆ. ಸಾಯುತ್ತಿರುವವರ ನೋವು ಮೈಯದು ಮಾತ್ರವಲ್ಲ, ಮನಸ್ಸಿನದು, ಸಂಬಂಧಗಳದು, ‘ನಾನು ಬದುಕಿದ್ದಕ್ಕೆ ಏನರ್ಥ’ ಎಂಬ ಪ್ರಶ್ನೆಯದು. ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ, ಒಂದನ್ನು ಬಿಟ್ಟು ಇನ್ನೊಂದಕ್ಕೆ ಮದ್ದಿಲ್ಲ. ಈ ಆರೈಕೆಗೆ ‘ಪ್ಯಾಲಿಯೇಟಿವ್’ ಎಂಬ ಹೆಸರನ್ನು 1970ರ ದಶಕದಲ್ಲಿ ಬಳಕೆಗೆ ತಂದವರು ಕೆನಡಾದ ವೈದ್ಯ ಬಾಲ್ಫರ್ ಮೌಂಟ್. ಪದದ ಬೇರು ಲ್ಯಾಟಿನ್ನಿನ ‘ಪ್ಯಾಲಿಯಂ’. ಹಾಗೆಂದರೆ ಹೊದಿಕೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕಂಬಳಿ.

ಕಾಯಿಲೆ ವಾಸಿಯಾಗುವುದಿಲ್ಲ ಎಂದು ಗೊತ್ತಾದ ಮೇಲೂ ಮಾಡಬೇಕಾದದ್ದು ಬೇಕಾದಷ್ಟಿರುತ್ತದೆ. ನೋವು ತಗ್ಗಿಸುವುದು, ಉಸಿರಾಟ ಹಗುರ ಮಾಡುವುದು, ಹುಣ್ಣು ತೊಳೆದು ಕಟ್ಟುವುದು, ಹೆದರಿದವರ ಪಕ್ಕ ಕೂರುವುದು ಎಲ್ಲವೂ ಈ ಕಂಬಳಿಯ ಎಳೆಗಳೇ. ಇವು ಸಾವಿನ ಹಿಂದಿನ ದಿನ ಬರಬೇಕಾದವಲ್ಲ. ಕಾಯಿಲೆ ಗಂಭೀರ ಎಂದು ತಿಳಿದ ದಿನದಿಂದಲೇ, ಉಳಿದ ಚಿಕಿತ್ಸೆಯ ಜೊತೆಜೊತೆಗೇ ಬರಬೇಕು.

ಐವತ್ತಕ್ಕೇ ಎಪ್ಪತ್ತು

2011ರ ಜನಗಣತಿಯಲ್ಲಿ ಫೆಬ್ರುವರಿ 28ರ ರಾತ್ರಿಯನ್ನು ಮನೆಯಿಲ್ಲದವರ ಎಣಿಕೆಗೆಂದು ಮೀಸಲಿಟ್ಟಿದ್ದರು. ದೇಶದಲ್ಲಿ ಸಿಕ್ಕ ಲೆಕ್ಕ 17.7 ಲಕ್ಷ, ಕರ್ನಾಟಕದಲ್ಲಿ 76 ಸಾವಿರಕ್ಕೂ ಹೆಚ್ಚು. ಒಂದೇ ರಾತ್ರಿ ಟಾರ್ಚು ಹಿಡಿದು ಎಣಿಸಿದ ಲೆಕ್ಕವಿದು. ಸೇತುವೆ ಕೆಳಗೆ, ಗೋಡೌನಿನ ಹಿಂದೆ, ಮುಚ್ಚಿದ ಅಂಗಡಿಯ ಮೆಟ್ಟಿಲ ಮೇಲೆ ಮಲಗಿದವರೆಲ್ಲ ಇದರಲ್ಲಿ ಸೇರಿದ್ದಾರೆ ಎಂದು ಯಾರೂ ಎದೆತಟ್ಟಿ ಹೇಳಲಾರರು.

ಬೀದಿಯಲ್ಲಿ ವಯಸ್ಸು ಬೇರೆ ಲೆಕ್ಕದಲ್ಲಿ ಓಡುತ್ತದೆ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದಲ್ಲಿ ವೈದ್ಯೆ ಮಾರ್ಗಾಟ್ ಕುಶೆಲ್ ಮತ್ತು ಸಂಗಡಿಗರು ಐವತ್ತು ದಾಟಿದ 350 ಮಂದಿ ಮನೆಯಿಲ್ಲದವರನ್ನು 2013ರಿಂದ ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡಿದರು. ಬೀಳುವುದು, ಮರೆವು, ಮೂತ್ರ ತಡೆಯಲಾಗದಿರುವುದು, ಸ್ನಾನಕ್ಕೂ ಬಟ್ಟೆಗೂ ಇನ್ನೊಬ್ಬರ ಆಸರೆ ಬೇಕಾಗುವುದು ಮುಂತಾದ ಮುಪ್ಪಿನ ತೊಂದರೆಗಳು, ಮನೆಯಲ್ಲಿರುವವರಿಗೆ ಹೋಲಿಸಿದರೆ, ಇವರಿಗೆ ಸುಮಾರು ಇಪ್ಪತ್ತು ವರ್ಷ ಮೊದಲೇ ಅಂಟಿಕೊಂಡಿದ್ದವು. ಐವತ್ತರ ಮೈಯಲ್ಲಿ ಎಪ್ಪತ್ತು ಕೂತಿತ್ತು. ಇನ್ನೊಂದು ಸಂಗತಿಯೂ ಹೊರಬಿತ್ತು. ಅವರಲ್ಲಿ ಶೇ 44ರಷ್ಟು ಮಂದಿ ಮೊದಲ ಬಾರಿಗೆ ಬೀದಿಗೆ ಬಿದ್ದದ್ದೇ ಐವತ್ತು ದಾಟಿದ ಮೇಲೆ. ಜೀವಮಾನವಿಡೀ ದುಡಿದವರು, ಕೆಲಸ ಹೋದದ್ದರಿಂದಲೋ ಹೆಂಡತಿ ಅಥವಾ ಗಂಡ ತೀರಿಕೊಂಡದ್ದರಿಂದಲೋ ಕಾಯಿಲೆಯಿಂದಲೋ ಬಾಡಿಗೆ ಕಟ್ಟಲಾಗದೆ ಹೊರಬಿದ್ದವರು.

ಈಗ ಇದನ್ನು ನಮ್ಮ ಪಿಂಚಣಿಯ ಪಕ್ಕದಲ್ಲಿಟ್ಟು ನೋಡಿ. ಇಂದಿರಾ ಗಾಂಧಿ ವೃದ್ಧಾಪ್ಯ ಪಿಂಚಣಿಗೆ 60 ತುಂಬಿರಬೇಕು, ಸಂಧ್ಯಾ ಸುರಕ್ಷಾಕ್ಕೆ 65. ಜೊತೆಗೆ ವಿಳಾಸ ಬೇಕು, ಬ್ಯಾಂಕ್ ಖಾತೆ ಬೇಕು, ವಯಸ್ಸಿನ ದಾಖಲೆ ಬೇಕು. ಫುಟ್‌ಪಾತಿನಲ್ಲಿ ಮಳೆಗೆ ನೆನೆದು, ಮಲಗಿದ್ದಾಗ ಕಳುವಾಗಿ, ತೆರವು ಕಾರ್ಯಾಚರಣೆಯಲ್ಲಿ ಕಸದ ಲಾರಿಗೆ ಹೋಗಿ, ಮೊದಲು ಮಾಯವಾಗುವುದೇ ಈ ಕಾಗದಗಳು. ಮೈಗೆ ಮುಪ್ಪು ಬಂದಿರುತ್ತದೆ, ಅದನ್ನು ನಂಬಲು ಕಚೇರಿಗೆ ಪುರಾವೆ ಇರುವುದಿಲ್ಲ.

ಇವರನ್ನು ಕೊಲ್ಲುವ ಕಾಯಿಲೆಗಳದ್ದೂ ಬೇರೆ ಜಾತಕ. ಭಾರತದಲ್ಲಿ ಹಾಸ್ಪಿಸ್ ಚಳವಳಿ ಬೆಳೆದದ್ದು ಕ್ಯಾನ್ಸರಿನ ಸುತ್ತ. ಮುಂಬೈಯಲ್ಲಿ 1986ರಲ್ಲಿ ಶುರುವಾದ ಶಾಂತಿ ಅವೇದನಾ ದೇಶದ ಮೊದಲ ಹಾಸ್ಪಿಸ್. ಬೆಂಗಳೂರಿನಲ್ಲಿ 1999ರಿಂದ ಒಂದು ರೂಪಾಯಿಯನ್ನೂ ಪಡೆಯದೆ ಆರೈಕೆ ನೀಡುತ್ತಿರುವ ಕರುಣಾಶ್ರಯ ಹುಟ್ಟಿದ್ದು ಕೊನೆಯ ಹಂತದ ಕ್ಯಾನ್ಸರ್ ರೋಗಿಗಳಿಗಾಗಿ. ಕ್ಯಾನ್ಸರ್ ಒಂದು ಮಟ್ಟಿಗೆ ಹೇಳಿ ಬರುವ ಸಾವು, ಇನ್ನು ಇಷ್ಟು ತಿಂಗಳು ಎಂದು ವೈದ್ಯರು ಅಂದಾಜು ಮಾಡಬಲ್ಲರು. ಬೀದಿಯ ಮುದುಕರಲ್ಲಿ ಬಹಳ ಮಂದಿ ಸಾಯುವುದು ಸೋತ ಲಿವರಿನಿಂದ, ಹೃದಯದಿಂದ, ಬೀಡಿಯೂ ಕ್ಷಯವೂ ತಿಂದ ಶ್ವಾಸಕೋಶದಿಂದ, ಸಕ್ಕರೆ ಕಾಯಿಲೆಯ ಗಾಯ ನಂಜೇರಿ. ಈ ಸಾವುಗಳು ನೇರ ದಾರಿಯಲ್ಲಿ ಬರುವುದಿಲ್ಲ. ಒಂದು ವಾರ ಸಾಯುವ ಹಾಗೆ ಕಾಣುವವರು ಮುಂದಿನ ವಾರ ಎದ್ದು ಕೂತು ಬೀಡಿ ಕೇಳುತ್ತಾರೆ. ಹೀಗಾಗಿ ‘ಇದು ಕೊನೆಗಾಲ’ ಎಂದು ಗುರುತಿಸುವವರೇ ಇರುವುದಿಲ್ಲ. ಆಸ್ಪತ್ರೆಗೆ ಸೇರಿಸುವುದು, ತುಸು ಚೇತರಿಕೆ, ಬಿಡುಗಡೆ, ಮತ್ತೆ ಅದೇ ಬಸ್ ನಿಲ್ದಾಣ.

ಮಾತ್ರೆ ಇಡಲು ಗೂಡೆಲ್ಲಿ?

ಕ್ಯಾನ್ಸರ್ ನೋವಿನ ಚಿಕಿತ್ಸೆಗೆ ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಸರಳ ಸೂತ್ರವೊಂದನ್ನು ಕೊಟ್ಟಿತು. ಬಾಯಿಯ ಮೂಲಕ, ಗಡಿಯಾರದ ಪ್ರಕಾರ, ಮೆಟ್ಟಿಲು ಮೆಟ್ಟಿಲಾಗಿ. ಮೇಲಿನ ಮೆಟ್ಟಿಲಲ್ಲಿರುವುದು ಮಾರ್ಫಿನ್. ಸಾಮಾನ್ಯ ಮಾರ್ಫಿನ್ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡಬೇಕು. ನೋವು ಬಂದ ಮೇಲೆ ನುಂಗುವುದಲ್ಲ, ಬರುವ ಮೊದಲೇ ನುಂಗುವುದು ಇದರ ಗುಟ್ಟು.

ಮನೆಯಲ್ಲಿ ಇದು ಸುಲಭ. ಗೋಡೆಗೆ ಗಡಿಯಾರ, ಗೂಡಿನಲ್ಲಿ ಮಾತ್ರೆ, ರಾತ್ರಿ ಎಬ್ಬಿಸಿ ಕೊಡಲು ಸೊಸೆಯೋ ಮಗಳೋ. ಫುಟ್‌ಪಾತಿನಲ್ಲಿ ಮಾರ್ಫಿನ್ ಮಾತ್ರೆ ಜೇಬಿನಲ್ಲಿದ್ದರೆ ಬೆಳಗಾಗುವಷ್ಟರಲ್ಲಿ ಜೇಬೇ ಇರುವುದಿಲ್ಲ. ಮಾತ್ರೆ ಉಳಿಯಿತು ಎಂದೇ ಇಟ್ಟುಕೊಳ್ಳಿ. ಮಾರ್ಫಿನ್ ತೆಗೆದುಕೊಳ್ಳುವವರಿಗೆ ಮಲಬದ್ಧತೆ ತಪ್ಪಿದ್ದಲ್ಲ, ಜೊತೆಗೆ ಭೇದಿ ಔಷಧಿ ಕೊಡಲೇಬೇಕು. ಆಗ ಶೌಚಾಲಯ ಎಲ್ಲಿ? ಹೃದಯ ಸೋತು ಕಾಲು ಬಾತವರಿಗೆ ನೀರು ಇಳಿಸುವ ಮಾತ್ರೆ ಬರೆಯುತ್ತಾರೆ. ಅದನ್ನು ನುಂಗಿದರೆ ಗಳಿಗೆಗೊಮ್ಮೆ ಮೂತ್ರಕ್ಕೆ ಹೋಗಬೇಕು. ಸಾರ್ವಜನಿಕ ಶೌಚಾಲಯದಲ್ಲಿ ಪ್ರತಿ ಸಲಕ್ಕೂ ಕಾಸು ಕೇಳಿದರೆ, ಬಯಲಲ್ಲಿ ಕೂತರೆ ಬೈಗುಳ ಬಿದ್ದರೆ, ಮುದುಕ ಮಾಡುವುದು ಒಂದೇ, ಮಾತ್ರೆ ಬಿಡುವುದು. ವಾರ ಕಳೆದು ಉಸಿರು ಕಟ್ಟಿ ಮತ್ತೆ ಕ್ಯಾಶುವಾಲಿಟಿಗೆ ಬಂದಾಗ ಕೇಸ್ ಶೀಟಿನಲ್ಲಿ ‘ರೋಗಿ ಔಷಧಿ ಸರಿಯಾಗಿ ತೆಗೆದುಕೊಂಡಿಲ್ಲ’ ಎಂಬ ಷರಾ ಬೀಳುತ್ತದೆ. ಶೌಚಾಲಯ ಇರಲಿಲ್ಲ ಎಂದು ಬರೆಯಲು ಅಲ್ಲಿ ಕಾಲಂ ಇಲ್ಲ.

ಮುದುಕಿಯರ ಪಾಡು ಇನ್ನೂ ಕಷ್ಟ. ಕತ್ತಲಾಗುವವರೆಗೆ ತಡೆದುಕೊಳ್ಳುವುದು, ಬೆಳಕು ಹರಿಯುವ ಮೊದಲು ಮುಗಿಸುವುದು, ಅದಕ್ಕಾಗಿ ನೀರನ್ನೇ ಕಡಿಮೆ ಕುಡಿಯುವುದು. ಗುಡಿಯ ಹೊರಗೆ ಸಾಲಾಗಿ ಕೂತವರ ಸೆರಗಿನೊಳಗೆ ಗಡ್ಡೆಯೋ ಹುಣ್ಣೋ ಇದ್ದರೆ ಅದು ವಾಸನೆ ಬರುವ ತನಕ ಯಾರಿಗೂ ತಿಳಿಯುವುದಿಲ್ಲ.

ಈ ವಾಸನೆಯ ಬಗ್ಗೆ ಒಂದು ಮಾತು. ಕೊಳೆತ ಹುಣ್ಣಿನ ವಾಸನೆ ಜನರನ್ನು ದೂರ ಓಡಿಸುತ್ತದೆ. ಅಲ್ಲಿಗೆ ರೋಗಿ ಪೂರ್ತಿ ಒಂಟಿ. ಆದರೆ ಇದಕ್ಕೆ ಮದ್ದು ತೀರ ಅಗ್ಗ. ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಹುಣ್ಣಿಗೆ ಉದುರಿಸುವ ವಿಧಾನವನ್ನು ನಮ್ಮ ದೇಶದ ಉಪಶಾಮಕ ಆರೈಕೆಯ ನರ್ಸುಗಳು ದಶಕಗಳಿಂದ ಬಳಸುತ್ತಿದ್ದಾರೆ. ಹುಳು ಬಿದ್ದಿದ್ದರೆ ಟರ್ಪೆಂಟೈನ್ ಎಣ್ಣೆ. ಕೆಲವು ದಿನಗಳಲ್ಲಿ ವಾಸನೆ ತಗ್ಗುತ್ತದೆ, ಪಕ್ಕದಲ್ಲಿ ಮಲಗುವವರು ಮತ್ತೆ ಬಂದು ಮಲಗುತ್ತಾರೆ. ಕೆಲವೇ ರೂಪಾಯಿಯ ಮಾತ್ರೆ ಒಬ್ಬ ಮನುಷ್ಯನನ್ನು ಮತ್ತೆ ಮನುಷ್ಯರ ನಡುವೆ ಕೂರಿಸುವುದಕ್ಕಿಂತ ಚೆನ್ನಾಗಿ ‘ಒಟ್ಟು ನೋವು’ ಎಂಬುದನ್ನು ಯಾವ ಪಾಠವೂ ವಿವರಿಸಲಾರದು.

ಮಾರ್ಫಿನ್ನಿನದು ಬೇರೆಯೇ ವಿಪರ್ಯಾಸ. ಪರವಾನಗಿ ಪಡೆದು ಅಫೀಮು ಬೆಳೆಯುವ ಕೆಲವೇ ದೇಶಗಳಲ್ಲಿ ನಮ್ಮದೊಂದು. ಗಾಜಿಪುರ, ನೀಮಚ್‌ಗಳಲ್ಲಿ ಸರ್ಕಾರಿ ಅಫೀಮು ಕಾರ್ಖಾನೆಗಳಿವೆ. ಆದರೆ 1985ರ ಮಾದಕವಸ್ತು ಕಾಯ್ದೆಯ ಬಿಗಿ ಎಷ್ಟಿತ್ತೆಂದರೆ, ಆ ವರ್ಷ 716 ಕಿಲೋ ಇದ್ದ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ 1997ರ ಹೊತ್ತಿಗೆ 18 ಕಿಲೋಗೆ ಕುಸಿಯಿತು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಂತಾದವರ ದೀರ್ಘ ಹೋರಾಟದ ಬಳಿಕ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಹಲವು ಲೈಸೆನ್ಸುಗಳ ಗೋಜಿಲ್ಲದೆ ಮಾರ್ಫಿನ್ ಇಟ್ಟುಕೊಳ್ಳಬಹುದಾಯಿತು. ಕಾನೂನಿನ ಬಾಗಿಲು ತೆರೆದಿದೆ. ಒಳಗೆ ಹೋಗಬೇಕಾದವರು ಇನ್ನೂ ಅಂಜುತ್ತಿದ್ದಾರೆ. ಕುಡಿತದ ಚಟವಿರುವ ಬೀದಿಯ ಮುದುಕನ ವಿಷಯದಲ್ಲಂತೂ ಈ ಅಂಜಿಕೆ ಇಮ್ಮಡಿ. ‘ಇವನಿಗೆ ಕೊಟ್ಟರೆ ಮಾರಿಕೊಳ್ಳುತ್ತಾನೆ’ ಎಂಬ ಅನುಮಾನ ಅವನ ನೋವಿಗಿಂತ ಜೋರಾಗಿ ಕೇಳಿಸುತ್ತದೆ.

ಛತ್ರದಲ್ಲಿ ತೆರೆದ ಬಾಗಿಲು

ಬೀದಿಯಲ್ಲಿ ಸಾಯುವವರಿಗೊಂದು ಸೂರು ಎಂದೊಡನೆ ನಮ್ಮ ನೆನಪಿಗೆ ಬರುವುದು ಕೋಲ್ಕತ್ತ. 1952ರಲ್ಲಿ ಮದರ್ ತೆರೇಸಾ ಕಾಳಿಘಾಟಿನಲ್ಲಿ ನಿರ್ಮಲ ಹೃದಯ ಆರಂಭಿಸಿದಾಗ ನಗರಪಾಲಿಕೆ ಕೊಟ್ಟ ಜಾಗ ಕಾಳಿ ಗುಡಿಗೆ ಅಂಟಿಕೊಂಡಿದ್ದ ಯಾತ್ರಿಕರ ಛತ್ರ. ಗೊತ್ತುಗುರಿಯಿಲ್ಲದ ದಾರಿಹೋಕರಿಗೆ ಒಂದು ಜಗುಲಿ, ಒಂದು ತುತ್ತು ಕೊಡುವ ಹಳೆಯ ಸಂಪ್ರದಾಯ ಸಾಯುವವರಿಗೂ ಚಾಚಿಕೊಂಡ ಗಳಿಗೆ ಅದು. ರಸ್ತೆಯಲ್ಲಿ ಇರುವೆ ಮುತ್ತಿದ ಮೈಗಳನ್ನು ಎತ್ತಿ ತಂದು ತೊಳೆದು ಮಲಗಿಸಿದ ಆ ಕೆಲಸವನ್ನು ಜಗತ್ತು ಕೊಂಡಾಡಿತು.

ಆದರೆ ಪ್ರಸಿದ್ಧ ವೈದ್ಯಕೀಯ ಪತ್ರಿಕೆ ‘ದಿ ಲ್ಯಾನ್ಸೆಟ್’ನ ಸಂಪಾದಕರಾಗಿದ್ದ ರಾಬಿನ್ ಫಾಕ್ಸ್ ಅಲ್ಲಿಗೆ ಹೋಗಿ ಬಂದು 1994ರಲ್ಲಿ ಬರೆದ ಟಿಪ್ಪಣಿ ಬೇರೊಂದು ಮಗ್ಗುಲನ್ನು ತೋರಿಸಿತು. ಶುಚಿತ್ವವನ್ನೂ ಸಿಬ್ಬಂದಿಯ ಕರುಣೆಯನ್ನೂ ಅವರು ಮೆಚ್ಚಿದರು. ಬಲವಾದ ನೋವು ನಿವಾರಕಗಳೇ ಇಲ್ಲ ಎಂಬುದನ್ನೂ, ವಾಸಿಯಾಗಬಲ್ಲ ಕಾಯಿಲೆಯನ್ನು ಗುರುತಿಸುವ ವ್ಯವಸ್ಥೆ ಸಾಲದು ಎಂಬುದನ್ನೂ ಎತ್ತಿ ಹೇಳಿದರು. ಈ ವಿಮರ್ಶೆಯ ಬಗ್ಗೆ ಸಾಕಷ್ಟು ವಾದವಿವಾದ ನಡೆದಿದೆ. ಅದೇನೇ ಇರಲಿ, ಎಂದೂ ಮರೆಯಬಾರದ ಪಾಠ ಅದರಲ್ಲಿದೆ. ಹಾಸಿಗೆ, ಗಂಜಿ, ಪ್ರೀತಿ ಮೂರೂ ಇದ್ದು ಮಾರ್ಫಿನ್ ಇಲ್ಲದಿದ್ದರೆ ಅದು ಆಶ್ರಯ, ಉಪಶಾಮಕ ಆರೈಕೆಯಲ್ಲ. ಮಾರ್ಫಿನ್ ಇದ್ದು ಪ್ರೀತಿಯಿಲ್ಲದಿದ್ದರೆ ಅದು ಬರೀ ವಾರ್ಡು.

ಕರ್ನಾಟಕದಲ್ಲೂ ಬೀದಿಯಿಂದ ಎತ್ತಿ ತಂದವರನ್ನು ಸಾಕುವ ಅನಾಥಾಶ್ರಮಗಳು, ಧರ್ಮಸಂಸ್ಥೆಗಳ ಮನೆಗಳು ಊರೂರಲ್ಲಿವೆ. ಬೆಂಗಳೂರಿನಲ್ಲಿ ಆಟೋ ಓಡಿಸುತ್ತಿದ್ದ ಟಿ. ರಾಜ 1997ರಲ್ಲಿ ಶುರು ಮಾಡಿದ ‘ಹೋಮ್ ಆಫ್ ಹೋಪ್’ ಅಂಥದ್ದೊಂದು. ಇಂಥ ಮನೆಗಳಿಗೆ ಬೇಕಾದದ್ದು ಇನ್ನಷ್ಟು ಹೊಗಳಿಕೆಯಲ್ಲ. ನೋವಿನ ಚಿಕಿತ್ಸೆ ಬಲ್ಲ ನರ್ಸು, ವಾರಕ್ಕೊಮ್ಮೆ ಬರುವ ವೈದ್ಯರು, ಬೀಗವಿರುವ ಔಷಧಿ ಕಪಾಟು.

ಕಾಲು ತೊಳೆದ ಡಾಕ್ಟರು

ನಮ್ಮ ಹಳ್ಳಿಗಳಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಕೈಕಾಲಿಗೆ ನೀರು. ಕುಶಲ ಪ್ರಶ್ನೆ, ಬಂದ ಕೆಲಸ, ಊಟ ಎಲ್ಲ ಅದಾದ ಮೇಲೆ. ಅಮೆರಿಕದ ಬಾಸ್ಟನ್ನಿನಲ್ಲಿ ಒಬ್ಬ ನರ್ಸು ಇದೇ ಪಾಠವನ್ನು ಒಬ್ಬ ಡಾಕ್ಟರಿಗೆ ಕಲಿಸಿದರು. 1985ರಲ್ಲಿ ಪ್ರತಿಷ್ಠಿತ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದ ಜಿಮ್ ಓಕಾನೆಲ್, ಒಂದು ವರ್ಷ ಸೇವೆ ಮಾಡಿ ಹೋಗೋಣವೆಂದು ಪೈನ್ ಸ್ಟ್ರೀಟ್ ಇನ್ ಎಂಬ ರಾತ್ರಿ ತಂಗುದಾಣದ ಕ್ಲಿನಿಕ್ಕಿಗೆ ಬಂದರು. ಅಲ್ಲಿದ್ದ ನರ್ಸ್ ಬಾರ್ಬರಾ ಮೆಕಿನಿಸ್, ಸ್ಟೆತಾಸ್ಕೋಪ್ ಪಕ್ಕಕ್ಕಿಡಿ, ಮೊದಲು ಇವರ ಕಾಲು ತೊಳೆಯಿರಿ ಎಂದರು. ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಕುರ್ಚಿಯ ಮೇಲೆ ಕೂತವರ ಮುಂದೆ ಡಾಕ್ಟರು ನೆಲದ ಮೇಲೆ ಕೂತರು. ವಾರಗಟ್ಟಲೆ ಅದೇ ಕೆಲಸ. ಬೀದಿಯಲ್ಲಿ ನಡೆದೂ ನಡೆದೂ ಹುಣ್ಣಾದ ಕಾಲಿಗೆ ಅದರಿಂದ ಸುಖ ಸಿಕ್ಕಿತು, ಅದೊಂದು ಲಾಭ. ವೈದ್ಯರು ಮೇಲಿಂದ ಕೆಳಗೆ ನೋಡುವ ಬದಲು ಕೆಳಗಿಂದ ಮೇಲೆ ನೋಡುವಂತಾಯಿತು, ಇದು ಅದಕ್ಕಿಂತ ದೊಡ್ಡದು. ಆಸ್ಪತ್ರೆಯ ಹೆಸರೆತ್ತಿದರೆ ಓಡುತ್ತಿದ್ದವರು ನಿಧಾನವಾಗಿ ಬಾಯಿ ಬಿಟ್ಟರು. ಒಂದು ವರ್ಷಕ್ಕೆಂದು ಬಂದ ಓಕಾನೆಲ್ ಬದುಕನ್ನೇ ಅಲ್ಲಿ ಕಳೆದರು. ಅವರ ಕಥೆಯನ್ನು ಲೇಖಕ ಟ್ರೇಸಿ ಕಿಡರ್ 2023ರಲ್ಲಿ ‘ರಫ್ ಸ್ಲೀಪರ್ಸ್’ ಎಂಬ ಪುಸ್ತಕವಾಗಿಸಿದರು.

ಕೆನಡಾ ಈ ಬಗೆಯ ಸೇವೆಯನ್ನು ಕೊನೆಗಾಲದ ಆರೈಕೆಯವರೆಗೆ ಒಯ್ದಿತು. ಒಟ್ಟಾವಾ ನಗರದ ತಂಗುದಾಣವೊಂದರೊಳಗೇ 2001ರಲ್ಲಿ ಹಾಸ್ಪಿಸ್ ಆರಂಭವಾಯಿತು. ಸಾಯುವವರು ವರ್ಷಗಳಿಂದ ಮಲಗುತ್ತಿದ್ದ ಕಟ್ಟಡ ಅದು, ಅಲ್ಲಿನ ಗೆಳೆಯರು ಮೆಟ್ಟಿಲು ಹತ್ತಿ ಬಂದರೆ ಸಾಕಿತ್ತು. ಅಲ್ಲಿ ತೀರಿಕೊಂಡ 28 ಮಂದಿಯ ಆರೈಕೆಯ ಲೆಕ್ಕ ಹಾಕಿದ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು. ಅವರೆಲ್ಲ ಆಸ್ಪತ್ರೆ ಮುಂತಾದ ಕಡೆ ಇದ್ದಿದ್ದರೆ ಆಗುತ್ತಿದ್ದ ಖರ್ಚಿಗೆ ಹೋಲಿಸಿ, ಸುಮಾರು 13.9 ಲಕ್ಷ ಕೆನಡಿಯನ್ ಡಾಲರ್ ಉಳಿತಾಯವಾಗಿದೆ ಎಂದು ಅಂದಾಜಿಸಿತು. ದಯೆ ದುಬಾರಿ ಎನ್ನುವ ಖಜಾನೆಯ ಅಧಿಕಾರಿಗಳು ಓದಬೇಕಾದ ಲೆಕ್ಕವಿದು.

ಟೊರಾಂಟೊದಲ್ಲಿ ವೈದ್ಯ ನಹೀದ್ ದೋಸಾನಿ 2014ರಲ್ಲಿ ‘ಪೀಚ್’ ಎಂಬ ಸಂಚಾರಿ ತಂಡ ಕಟ್ಟಿದರು. ಅವರು ತರಬೇತಿಯಲ್ಲಿದ್ದಾಗ ಕಂಡ ಯುವಕನೊಬ್ಬ, ಕ್ಯಾನ್ಸರ್ ಇದ್ದೂ ‘ಚಟದವನು’ ಎಂಬ ಹಣೆಪಟ್ಟಿಯಿಂದ ನೋವಿಗೆ ಔಷಧಿ ಸಿಗದೆ ಸತ್ತದ್ದು ಇದಕ್ಕೆ ಕಾರಣ. ತಂಡ ರೋಗಿಯನ್ನು ಕರೆಸಿಕೊಳ್ಳುವುದಿಲ್ಲ, ತಾನೇ ಹೋಗುತ್ತದೆ. ತಂಗುದಾಣ, ಪಾರ್ಕು, ಸೇತುವೆ ಕೆಳಗೆ, ಎಲ್ಲಿದ್ದರೆ ಅಲ್ಲಿಗೆ. ಐವತ್ತು ದಾಟಿದ ಗಂಡಸರಿಗಾಗಿಯೇ ಇರುವ ಹೇವನ್ ಟೊರಾಂಟೊ ಕೇಂದ್ರದ ಜೊತೆ ಸೇರಿ ಅವರು ಸಾಯುತ್ತಿರುವವರ ಸಣ್ಣ ಆಸೆಗಳನ್ನು ಕೇಳಿ ನಡೆಸಿಕೊಡುತ್ತಾರೆ. ಒಬ್ಬರು ತೀರಿಕೊಂಡಾಗ ತಂಗುದಾಣದ ಸಿಬ್ಬಂದಿ, ಜೊತೆಗಿದ್ದವರು ವೃತ್ತವಾಗಿ ಕೂತು ಅವರನ್ನು ನೆನೆಯುತ್ತಾರೆ. ನಮ್ಮಲ್ಲಿ ಹನ್ನೊಂದನೆಯ ದಿನ ಮನೆಮಂದಿ ಸೇರುವ ಹಾಗೆ. ಬೀದಿಯಲ್ಲಿ ಸತ್ತವರಿಗೆ ಮಹಾಲಯದಲ್ಲಿ ಎಡೆ ಇಡುವವರು ಯಾರು ಎಂದು ಕೇಳಿಕೊಂಡರೆ ಆ ವೃತ್ತದ ಬೆಲೆ ತಿಳಿಯುತ್ತದೆ.

ಮೊದಲು ವೃದ್ಧರು

ಆಸ್ಟ್ರೇಲಿಯಾದ ಮೆಲ್ಬರ್ನಿನ ಬ್ರಯಾನ್ ಲಿಪ್ಮನ್ ಒಂದು ದೊಡ್ಡ ರಾತ್ರಿ ತಂಗುದಾಣದಲ್ಲಿ ಸಮಾಜಕಾರ್ಯಕರ್ತರಾಗಿದ್ದರು. ಅಲ್ಲಿ ಮುದುಕರು ಗಲಾಟೆ, ಕಳ್ಳತನ, ಭಯದ ನಡುವೆ ಸಾಯುವುದನ್ನು ಕಂಡು 1989ರಲ್ಲಿ ವಿಂಟ್ರಿಂಗ್‌ಹ್ಯಾಮ್ ಎಂಬ ಸಂಸ್ಥೆ ಕಟ್ಟಿದರು. ಅವರ ವಾದ ಒಂದೇ ಸಾಲಿನದು. ಈ ಜನ ಮೊದಲು ವೃದ್ಧರು, ಆಮೇಲೆ ಮನೆಯಿಲ್ಲದವರು. ಹಾಗಿದ್ದರೆ ದೇಶದ ಎಲ್ಲ ವೃದ್ಧರಿಗೆ ಸರ್ಕಾರ ಕೊಡುವ ಆರೈಕೆಯ ಹಣ ಇವರಿಗೂ ಸಲ್ಲಬೇಕು, ದಾನದ ತಟ್ಟೆಯಲ್ಲಿ ಅಲ್ಲ, ಹಕ್ಕಿನ ಬಾಬ್ತಿನಲ್ಲಿ. ವಿಂಟ್ರಿಂಗ್‌ಹ್ಯಾಮ್ ಆ ಹಣದಿಂದಲೇ ಮನೆಗಳನ್ನು ಕಟ್ಟಿತು. ಸಾಯುವ ತನಕ ಇರಬಹುದಾದ ಮನೆಗಳು. 2011ರಲ್ಲಿ ವಿಶ್ವಸಂಸ್ಥೆಯ ವಸತಿ ವಿಭಾಗದ ಗೌರವವೂ ಅದಕ್ಕೆ ಸಂದಿತು.

ಲಿಪ್ಮನ್ ಅವರ ಈ ಸಾಲನ್ನು ಕರ್ನಾಟಕದ ಕಾನೂನುಗಳ ಮುಂದೆ ಹಿಡಿದರೆ ವಿಚಿತ್ರ ಕಾಣುತ್ತದೆ. ನಮ್ಮಲ್ಲಿ ಒಬ್ಬನೇ ಮುದುಕನಿಗೆ ಎರಡು ಬಾಗಿಲುಗಳಿವೆ. ಒಂದು, 1975ರ ಕರ್ನಾಟಕ ಭಿಕ್ಷಾಟನೆ ನಿಷೇಧ ಕಾಯ್ದೆಯದು. ಕೈಚಾಚಿದವರನ್ನು ಹಿಡಿದು ನಿರಾಶ್ರಿತರ ಪರಿಹಾರ ಕೇಂದ್ರಕ್ಕೆ ಕಳಿಸುವ ಬಾಗಿಲು. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಶೇ 3ರ ಭಿಕ್ಷುಕರ ಕರ ಇದಕ್ಕೆಂದೇ ಸಂಗ್ರಹವಾಗುತ್ತದೆ. ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ 2010ರ ಆಗಸ್ಟ್‌ನಲ್ಲಿ ನಡೆದ ಸರಣಿ ಸಾವುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದ್ದವು. ಇನ್ನೊಂದು, 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಬಾಗಿಲು. ಅದರ 19ನೇ ಕಲಂ ಪ್ರಕಾರ ಜಿಲ್ಲೆಗೊಂದರಂತೆ ಕನಿಷ್ಠ 150 ಮಂದಿ ನಿರ್ಗತಿಕ ಹಿರಿಯರಿಗೆ ವೃದ್ಧಾಶ್ರಮ ಸ್ಥಾಪಿಸಬಹುದು. ‘ಸ್ಥಾಪಿಸಬೇಕು’ ಎಂದಲ್ಲ, ‘ಸ್ಥಾಪಿಸಬಹುದು’ ಎಂದಿದೆ. ಒಂದು ಬಾಗಿಲಲ್ಲಿ ಅವನು ಅಪರಾಧಿಯ ಸಮೀಪದ ಸಂಬಂಧಿ, ಇನ್ನೊಂದರಲ್ಲಿ ಗೌರವಕ್ಕೆ ಅರ್ಹನಾದ ಹಿರಿಯ. ಯಾವ ವಾಹನ ಮೊದಲು ಬಂತು ಎಂಬುದರ ಮೇಲೆ ಅವನ ಕೊನೆಗಾಲ ತೀರ್ಮಾನವಾಗುತ್ತದೆ.

ಬೇಕಾದ ಬಿಡಿಭಾಗಗಳು ನಮ್ಮಲ್ಲಿ ಇಲ್ಲದೇ ಇಲ್ಲ. ಲಕ್ಷ ಜನಸಂಖ್ಯೆಗೊಂದರಂತೆ ನಗರಗಳಲ್ಲಿ ದಿನವಿಡೀ ತೆರೆದಿರುವ ತಂಗುದಾಣ ಇರಬೇಕೆಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ರಾಷ್ಟ್ರೀಯ ಉಪಶಾಮಕ ಆರೈಕೆ ಕಾರ್ಯಕ್ರಮ 2012ರಿಂದ ಕಾಗದದ ಮೇಲಿದೆ. ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳು ಕೊಡಬೇಕಾದ ಸೇವೆಗಳ ಪಟ್ಟಿಯಲ್ಲೂ ವೃದ್ಧರ ಮತ್ತು ಉಪಶಾಮಕ ಆರೈಕೆ ಸೇರಿದೆ. ಪಕ್ಕದ ಕೇರಳ 2008ರಲ್ಲೇ ಇದಕ್ಕೊಂದು ನೀತಿ ರೂಪಿಸಿ, ನೆರೆಹೊರೆಯ ಸ್ವಯಂಸೇವಕರ ಜಾಲವನ್ನು ಊರೂರಲ್ಲಿ ಹಬ್ಬಿಸಿತು. ಆದರೆ ಆ ಮಾದರಿಯ ಬೆನ್ನೆಲುಬು ಮನೆಭೇಟಿ. ನರ್ಸು ಜೀಪಿನಲ್ಲಿ ಬಂದು ಬಾಗಿಲು ತಟ್ಟುವುದು. ಬಾಗಿಲಿಲ್ಲದವರ ವಿಷಯದಲ್ಲಿ ತಂಗುದಾಣದ ಬಾಗಿಲನ್ನೇ ತಟ್ಟಬೇಕು. ಅಲ್ಲಿ ವಾರಕ್ಕೊಮ್ಮೆ ನರ್ಸು, ಮಾತ್ರೆಗಳಿಗೊಂದು ಬೀಗದ ಪೆಟ್ಟಿಗೆ, ಗಡಿಯಾರ ನೋಡಿ ಕೊಡುವ ಕೇರ್‌ಟೇಕರ್, ಪಕ್ಕದಲ್ಲೇ ಕಾಸಿಲ್ಲದ ಶೌಚಾಲಯ, ಸಾಯುವವರಿಗೆಂದು ಎರಡು ಹಾಸಿಗೆಯ ಒಂದು ಕೋಣೆ. ಆಕಾಶಕ್ಕೆ ಏಣಿ ಹಾಕುವ ಕೆಲಸಗಳಲ್ಲ ಇವು.

ಅದಕ್ಕಿಂತ ಕಷ್ಟದ್ದು ಸಹಿಯ ಪ್ರಶ್ನೆ. ಘನತೆಯಿಂದ ಸಾಯುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು, 2023ರಲ್ಲಿ ವಿಧಾನವನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿತು. ತನಗೆ ವೆಂಟಿಲೇಟರ್ ಬೇಡ ಎಂದು ಮುಂಚೆಯೇ ಬರೆದಿಡುವವರು ತಮ್ಮ ಪರವಾಗಿ ನಿರ್ಧರಿಸುವ ಪಾಲಕರ ಅಥವಾ ಹತ್ತಿರದ ಬಂಧುವಿನ ಹೆಸರು ಬರೆಯಬೇಕು. ಬೀದಿಯ ಮುದುಕ ಅಲ್ಲಿ ಯಾರ ಹೆಸರು ಬರೆಸುತ್ತಾನೆ? ಇಪ್ಪತ್ತು ವರ್ಷದಿಂದ ಮುಖ ನೋಡದ ಮಗನದೋ, ದಿನಾ ಬೆಳಗ್ಗೆ ಟೀ ಕೊಟ್ಟವನದೋ? ‘ಪಾಲಕ’ ಎಂಬ ಪದಕ್ಕೆ ಟೀ ಅಂಗಡಿಯವನನ್ನೂ ಒಳಗೆ ಬಿಟ್ಟುಕೊಳ್ಳುವಷ್ಟು ಅಗಲವಿದೆ. ಆಸ್ಪತ್ರೆಯ ಕೌಂಟರಿಗೆ ಆ ಅಗಲ ಬರಬೇಕಿದೆ.

ಹಚ್ಚೆಯ ಹೆಸರು

ವಾರಸುದಾರರಿಲ್ಲದ ಶವದ ವಿಷಯಕ್ಕೆ ಬಂದರೆ ವ್ಯವಸ್ಥೆ ತಡವರಿಸುವುದಿಲ್ಲ. ಪೊಲೀಸರು ಪಂಚನಾಮೆ ಮಾಡುತ್ತಾರೆ, ಫೋಟೊ ತೆಗೆಯುತ್ತಾರೆ, ಶವಾಗಾರದಲ್ಲಿ ಇರಿಸುತ್ತಾರೆ, ಪತ್ರಿಕೆಗೆ ಕೊಡುತ್ತಾರೆ. ಯಾರೂ ಬರದಿದ್ದರೆ 1957ರ ಕರ್ನಾಟಕ ಅಂಗರಚನಾ ಕಾಯ್ದೆ ಇದೆ, ಶವ ವೈದ್ಯಕೀಯ ಕಾಲೇಜಿಗೆ ಹೋಗಬಹುದು. ಡಾಕ್ಟರಾಗುವ ಎಷ್ಟೋ ತಲೆಮಾರಿನ ಮಕ್ಕಳು ಮನುಷ್ಯನ ಹೃದಯ ಎಲ್ಲಿರುತ್ತದೆ ಎಂಬುದನ್ನು ಕಲಿತದ್ದು ಇಂಥವರ ಮೈಯಿಂದಲೇ. ಬದುಕಿದ್ದಾಗ ವಾರ್ಡಿನಲ್ಲಿ ಹಾಸಿಗೆಗೆ ಕಾದವನಿಗೆ ಸತ್ತ ಮೇಲೆ ಕಾಲೇಜಿನಲ್ಲಿ ಮೇಜು ಸಿಗುತ್ತದೆ.

ಆ ಮಕ್ಕಳಲ್ಲಿ ಒಬ್ಬರಾದರೂ ವೈದ್ಯರಾದ ಮೇಲೆ ಬಸ್ ನಿಲ್ದಾಣದ ಕಟ್ಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂರಬೇಕು. ಬಿಸಿನೀರಿನ ಬಕೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ. ಬಾತ ಕಾಲನ್ನು ಒತ್ತಿ ನೋಡಬೇಕು, ನೋವು ಎಷ್ಟಿದೆ, ರಾತ್ರಿ ನಿದ್ದೆ ಬರುತ್ತದೆಯೇ ಎಂದು ವಿಚಾರಿಸಬೇಕು. ಕೇಸ್ ಶೀಟಿನಲ್ಲಿ ‘ಅನ್‌ನೋನ್’ ಎಂದು ಬರೆಯುವ ಮುನ್ನ ಬಲಗೈಯ ಹಚ್ಚೆಯ ಮೇಲೆ ಬೆರಳಿಟ್ಟು ಕೇಳಬೇಕು:

‘ತಾತಾ, ಲಕ್ಷ್ಮಿ ಅಂದ್ರೆ ಯಾರು?’

ಪೊಲೀಸ್ ಪ್ರಕಟಣೆಯಲ್ಲಿ ಆ ಹೆಸರು ಅಚ್ಚಾಗುವ ಹೊತ್ತಿಗೆ ಉತ್ತರ ಹೇಳಬಲ್ಲವನು ಹೋಗಿರುತ್ತಾನೆ.